ಮಾತಿನ ಏರಿಳಿತ, ಮಂತ್ರದ ಸ್ವರ

ಋಗ್ವೇದದ ಮೂರು ಸ್ವರ ಸಾಮದಲ್ಲಿ ಏಳಾಗಿ, ಮುಂದೆ ರಾಗಗಳಾದವು ಎಂಬುದು ಸಂಗೀತದ ಚರಿತ್ರೆಗಳಲ್ಲಿ ಸವೆದ ಮಾತು. ಹಾಗೆ ಹೇಳಿದರೆ ವೇದಪಠಣವು ಇನ್ನೂ ಬೆಳೆಯದ ಹಾಡು ಎಂದಂತಾಗುತ್ತದೆ. ಆದರೆ ಉದಾತ್ತ, ಅನುದಾತ್ತ, ಸ್ವರಿತ ಎಂಬ ಆ ಮೂರು ಸ್ವರಗಳ ಮೂಲ ಇರುವುದು ಆಡುಮಾತಿನಲ್ಲಿ. ಪಾಣಿನಿ ಸ್ವರನಿಯಮಗಳನ್ನು ವೇದಕ್ಕಷ್ಟೇ ಮೀಸಲಿಡದೆ ತನ್ನ ಕಾಲದ ಭಾಷೆಗೂ ಹೇಳಿದ್ದಾನೆ. ದೂರದಲ್ಲಿರುವವನನ್ನು ಕೂಗಿ ಕರೆಯುವಾಗ ಏರಿಳಿತ ಅಳಿದು ಏಕಶ್ರುತಿಯಾಗುತ್ತದೆ ಎಂಬುದು ಅವನ ಒಂದು ಸೂತ್ರ. ಇದು ಓಣಿಯಲ್ಲಿ ಕಿವಿಗೊಟ್ಟು ಕೇಳಿದವನ ಮಾತು. ಅದರ ಬೆನ್ನಿಗೇ ಬರುವ ಸೂತ್ರ ಯಜ್ಞಕರ್ಮದಲ್ಲಿಯೂ ಏಕಶ್ರುತಿಯನ್ನೇ ವಿಧಿಸಿ, ಸಾಮಗಾನಕ್ಕೆ ವಿನಾಯಿತಿ ಕೊಡುತ್ತದೆ. ಸ್ವರವೆಂಬುದು ಯಜ್ಞಕ್ಕೆಂದು ಕಟ್ಟಿದ ರಾಗವಾಗಿದ್ದರೆ ಯಜ್ಞದಲ್ಲೇ ಅದನ್ನು ಬಿಡುತ್ತಿದ್ದರೇ? ಇನ್ನೊಂದು ಸಾಕ್ಷ್ಯ ದೂರದ ಗ್ರೀಸಿನದು. ತಂದೆ ಎಂಬ ಅರ್ಥದ ಪದದಲ್ಲಿ ವೇದದ ಉದಾತ್ತವೂ ಗ್ರೀಕಿನ ಏರುದನಿಯೂ ಕೊನೆಯ ಅಕ್ಷರದ ಮೇಲಿವೆ. ಸೋದರ ಎಂಬ ಪದದಲ್ಲಿ ಎರಡೂ ಮೊದಲ ಅಕ್ಷರದ ಮೇಲಿವೆ. 1870ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಇದೇ ಸ್ವರಸ್ಥಾನಗಳನ್ನು ಆಧಾರವಾಗಿಟ್ಟುಕೊಂಡು ಜರ್ಮಾನಿಕ್ ಭಾಷೆಗಳ ವ್ಯಂಜನಗಳ ಒಂದು ಒಗಟನ್ನು ಬಿಡಿಸಿದ. ವೈದಿಕರು ಕಲ್ಪಿಸಿಕೊಂಡ ಧಾಟಿಯೊಂದರಿಂದ ಆಗುವ ಕೆಲಸವಲ್ಲ ಅದು. ಸುತ್ತಲಿನ ಮಾತು ತನ್ನ ಏರಿಳಿತವನ್ನು ಕಳೆದುಕೊಂಡಿತು, ಪಾಠ ಉಳಿಸಿಕೊಂಡಿತು. ಆಮೇಲೆ ಕೇಳಿದವರಿಗೆ ಅದು ಹಾಡಿನಂತೆ ತೋರಿತು.

ಇದಕ್ಕೆ ಬಲವಾದ ಆಕ್ಷೇಪ ಘನಪಾಠದ್ದು. ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು ಎಂದು ಪದಗಳನ್ನು ಹಿಂದುಮುಂದಾಗಿ ಹೆಣೆದರೆ ಅರ್ಥ ಎಲ್ಲಿ ಉಳಿಯಿತು? ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಕೌತ್ಸ ಬಹಳ ಹಿಂದೆಯೇ ವಾದಿಸಿದ್ದ; ನಿರುಕ್ತದಲ್ಲಿ ಯಾಸ್ಕ ಆ ವಾದವನ್ನು ಮುಂದಿಟ್ಟುಕೊಂಡೇ ಉತ್ತರಿಸುತ್ತಾನೆ. ಆದರೆ ಘನವು ಮಂತ್ರವನ್ನು ಕಾಯಲು ಹಾಕಿದ ಬೇಲಿ. ಹೀಗೆ ಹೆಣೆಯಲು ಪದಗಳನ್ನು ಮೊದಲು ಬಿಡಿಸಿಕೊಳ್ಳಬೇಕು; ಶಾಕಲ್ಯನ ಪದಪಾಠ ಮಾಡಿದ್ದು ಅದನ್ನೇ, ಅದು ವ್ಯಾಕರಣದ ಕೆಲಸ. ಸ್ವರ ತಪ್ಪಿದರೆ ಅರ್ಥವೇ ಕೆಡುತ್ತದೆ ಎಂಬುದಕ್ಕೆ ವೃತ್ರನ ಕಥೆಯಿದೆ: 'ಇಂದ್ರಶತ್ರು' ಎಂಬಲ್ಲಿ ಉದಾತ್ತ ಕೊನೆಗಿದ್ದರೆ ಇಂದ್ರನನ್ನು ಕೊಲ್ಲುವವನು, ಮೊದಲಿಗಿದ್ದರೆ ಇಂದ್ರನಿಂದ ಸಾಯುವವನು. ವೃತ್ರನ ತಂದೆ ತ್ವಷ್ಟೃ ಸ್ವರ ತಪ್ಪಿದ, ಮಗ ಸತ್ತ. ನಿಜವಾಗಿ ಹಾಡಾದದ್ದು ಸಾಮ. ಅದರ ಸಂಹಿತೆಯ 1,875 ಮಂತ್ರಗಳಲ್ಲಿ ಬಹುಪಾಲು ಋಗ್ವೇದದವೇ. ಗಾನಕ್ಕೆ ಇಳಿದಾಗ ಅಕ್ಷರಗಳು ಹಿಗ್ಗುತ್ತವೆ, ನಡುನಡುವೆ ಅರ್ಥದ ಹಂಗಿಲ್ಲದ ಸ್ತೋಭಗಳು ಸೇರುತ್ತವೆ. ಈಗಿನ ಪಾಠದಲ್ಲಿ ಉದಾತ್ತಕ್ಕಿಂತ ಸ್ವರಿತವೇ ಎತ್ತರದಲ್ಲಿ ಕೇಳಿಸುತ್ತದೆ, ಇದು ಪಾಣಿನಿ ಹೇಳಿದಂತಿಲ್ಲ ಎನ್ನುವವರೂ ಇದ್ದಾರೆ. ಅವರ ಮಾತು ಸರಿಯೇ. ಎತ್ತರ ಬದಲಾಗಿದೆ, ಆದರೆ ಯಾವ ಅಕ್ಷರ ಉದಾತ್ತ ಎಂಬ ಲೆಕ್ಕ ತಪ್ಪಿಲ್ಲ. ಪರಂಪರೆ ಪಠಣವನ್ನು ಹಾಡಿನಿಂದ ಬೇರೆಯಾಗಿಯೇ ಇಟ್ಟಿತು: ಪಾಣಿನೀಯ ಶಿಕ್ಷೆ ಎಣಿಸುವ ಆರು ಬಗೆಯ ಕೆಟ್ಟ ಪಾಠಕರಲ್ಲಿ ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು ಇವರೊಡನೆ ರಾಗವೆಳೆದು ಹಾಡುವವನೂ ಸೇರಿದ್ದಾನೆ.