ಪುಸ್ತಕ ಇದ್ದೂ ಸಿಗದಿರುವುದು ಯಾಕೆ? ಬ್ರೈಲ್, ಆಡಿಯೋ ಪ್ರತಿಗಳು ಮತ್ತು ಗ್ರಂಥಾಲಯದ ಕ್ಯಾಟಲಾಗ್

ಕಾರ್ಕಳದಲ್ಲಿ ಓದುತ್ತಿರುವ, ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬರಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ ಬೇಕು ಎಂದುಕೊಳ್ಳಿ. ಕ್ಯಾಟಲಾಗ್‌ನಲ್ಲಿ ಲೇಖಕರ ಹೆಸರು, ಪ್ರಕಾಶಕರು, ಪುಟಸಂಖ್ಯೆ ಎಲ್ಲವೂ ಉಂಟು. ಅದು ಅಚ್ಚಿನ ಪ್ರತಿಯೋ, ಬ್ರೈಲೋ, ಆಡಿಯೋವೋ ಎಂಬುದು ಮಾತ್ರ ಇಲ್ಲ. ಬ್ರೈಲ್ ಪ್ರತಿ ಕಪಾಟಿನಲ್ಲೇ ಇದ್ದರೂ ಅವರ ಪಾಲಿಗೆ ಇಲ್ಲದ ಹಾಗೆಯೇ.

‘ಪಿಡಿಎಫ್ ಇದೆಯಲ್ಲ, ಮೊಬೈಲೇ ಓದಿ ಹೇಳುತ್ತದೆ’ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಬಳಸದಿದ್ದರೆ ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಇರುವುದಿಲ್ಲ. ಕನ್ನಡಕ್ಕೆ ಇನ್ನೊಂದು ತಾಪತ್ರಯವಿದೆ. ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಚೆಂದದ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ, ಕೇಳುವವರಿಗೆ ತಲೆಬುಡ ತಿಳಿಯದು. ಹಾಗಾಗಿ ‘ಇ-ಪುಸ್ತಕ’ ಎಂದಷ್ಟೇ ನಮೂದಿಸಿದರೆ ಸಾಲದು. ಪಠ್ಯ ಯೂನಿಕೋಡ್‌ನಲ್ಲಿದೆಯೇ, ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗಬಹುದೇ, ಚಿತ್ರಗಳಿಗೆ ವಿವರಣೆ ಇದೆಯೇ ಎಂಬುದೂ ಬೇಕು.

ಇದನ್ನೆಲ್ಲ ಬರೆಯಲು ಜಾಗವಿದೆ. ಗ್ರಂಥಾಲಯಗಳು ಬಳಸುವ ಮಾರ್ಕ್ 21 ಎಂಬ ದಾಖಲೆ ಮಾದರಿಗೆ 2018ರಲ್ಲಿ ಎರಡು ಕಾಲಂಗಳು ಸೇರಿದವು. 341ನೆಯದರಲ್ಲಿ ಸೌಲಭ್ಯಗಳನ್ನು ನಿಗದಿತ ಪದಗಳಲ್ಲಿ ನಮೂದಿಸಬೇಕು, ಹುಡುಕಾಟಕ್ಕೆ ಇದೇ ಅನುಕೂಲ. 532ರಲ್ಲಿ ಓದುಗರಿಗೆ ಅರ್ಥವಾಗುವಂತೆ ವಾಕ್ಯದಲ್ಲೇ ಬರೆಯಬಹುದು, ಕೊರತೆಗಳನ್ನೂ ಸೇರಿಸಿ. ನಮಗೆ ಹೆಚ್ಚು ಮುಖ್ಯವೆನಿಸುವುದು ಈ ಕೊರತೆಯ ಸಾಲೇ: ‘ಕೋಷ್ಟಕಗಳನ್ನು ಓದಿಲ್ಲ’ ಎಂದು ಮೊದಲೇ ತಿಳಿದರೆ ಪರೀಕ್ಷೆಯ ಹಿಂದಿನ ದಿನ ಪರದಾಡಬೇಕಿಲ್ಲ. ಬ್ರೈಲ್ ಆದರೆ ಭಾಷೆ ಮತ್ತು ಸಂಪುಟಗಳ ಸಂಖ್ಯೆ ತಪ್ಪಬಾರದು. ಕನ್ನಡ, ಹಿಂದಿ, ಇಂಗ್ಲಿಷ್ ಮೂರಕ್ಕೂ ಅದೇ ಆರು ಚುಕ್ಕಿಗಳು. ಅಚ್ಚಿನ ಒಂದು ಪುಸ್ತಕ ಬ್ರೈಲ್‌ನಲ್ಲಿ ಹಲವು ಸಂಪುಟವಾಗುತ್ತದೆ.

ಕಾನೂನಿನ ಅಡ್ಡಿಯೂ ಇಲ್ಲ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅಂಗವಿಕಲರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಅವಕಾಶ ಕೊಟ್ಟಿತು. ಇದೇ ವಿಷಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಆಗಸ್ಟ್‌ನಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಮುದ್ರಿತ ಪುಸ್ತಕ ಓದಲಾಗದವರು ಅಲ್ಲಿ ಸದಸ್ಯರಾಗಬಹುದು. ದೃಷ್ಟಿದೋಷ ಮಾತ್ರವಲ್ಲ, ಡಿಸ್ಲೆಕ್ಸಿಯಾ ಇರುವವರು, ಕೈಯಲ್ಲಿ ಪುಸ್ತಕ ಹಿಡಿಯಲಾಗದವರೂ ಈ ಗುಂಪಿಗೆ ಸೇರುತ್ತಾರೆ.

ಕ್ಯಾಟಲಾಗ್ ಸರಿಯಿಲ್ಲದಿದ್ದರೆ ಕಾಪುವಿನಲ್ಲಿ ಒಬ್ಬರು ವಾರಗಟ್ಟಲೆ ಕೂತು ಧ್ವನಿಮುದ್ರಿಸಿದ ಪಠ್ಯವನ್ನೇ ಮಣಿಪಾಲದಲ್ಲಿ ಇನ್ನೊಬ್ಬರು ಮತ್ತೆ ಓದಲು ಕೂರುವ ಸಾಧ್ಯತೆ ಇದೆ. ನಿಮ್ಮಲ್ಲಿ ಅಂಥ ಪ್ರತಿ ಇದ್ದರೆ ಕೊಡುವಾಗ ಭಾಷೆ, ರೂಪ, ಓದಿದವರ ಹೆಸರು, ಬಿಟ್ಟುಹೋದ ಪುಟಗಳು, ಯಾವ ಮುದ್ರಣದಿಂದ ಓದಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಡಿ.