ನೇಮ್‌ಸ್ಪೇಸ್: ಬಳ್ಳಾರಿಯ ಹೊಲದಿಂದ ಪ್ರೋಗ್ರಾಮಿಂಗ್‌ವರೆಗೆ

ನೇಮ್‌ಸ್ಪೇಸ್ ಎಂದರೆ ಒಂದು ಹೆಸರು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದರ ಎಲ್ಲೆ. ಎಲ್ಲೆ ಬೇರೆಯಾದರೆ ಒಂದೇ ಹೆಸರು ಇಬ್ಬರಿಗಿದ್ದರೂ ತಕರಾರಿಲ್ಲ. ಕಂಪ್ಯೂಟರ್ ಬರುವ ಬಹಳ ಮೊದಲೇ ಕಂದಾಯ ಇಲಾಖೆಯ ದಫ್ತರಗಳು ಈ ಏರ್ಪಾಡನ್ನು ಪಳಗಿಸಿಕೊಂಡಿದ್ದವು.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಹೊಲಗಳನ್ನು ಅಳೆಸಿ ನೇರವಾಗಿ ರೈತನ ಹೆಸರಿಗೇ ಕಂದಾಯ ಗೊತ್ತುಮಾಡಿದ. ಹೊಲವೊಂದನ್ನು ಬೇರ್ಪಡಿಸಿ ಗುರುತಿಸುವ ಅಗತ್ಯ ಗಟ್ಟಿಯಾದದ್ದು ಅಲ್ಲಿಂದ. ಇಂದಿಗೂ ಸರ್ವೆ ನಂಬರ್ ಗ್ರಾಮದ ಒಳಗಷ್ಟೇ ವಿಶಿಷ್ಟ. 45ನೇ ನಂಬರು ಸಿರುಗುಪ್ಪದ ಭತ್ತದ ಸೀಮೆಯಲ್ಲೂ ಇರಬಹುದು, ಕುರುಗೋಡಿನ ಕಡೆಯೂ ಇರಬಹುದು. ಊರೊಳಗೆ ‘45ನೇ ನಂಬರ್’ ಎಂದರೆ ಸಾಕು. ನೋಂದಣಿ ಕಚೇರಿಯಲ್ಲಿ ಮಾತ್ರ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಲ್ಲವನ್ನೂ ಹೇಳಬೇಕು.

2000ದಲ್ಲಿ ಶುರುವಾದ ‘ಭೂಮಿ’ ತಂತ್ರಾಂಶ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ ಇದೇ ಸರಪಳಿ ಪರದೆಗೆ ಬಂತು. ಗ್ರಾಮವನ್ನು ಆರಿಸಿದ ಮೇಲಷ್ಟೇ ಸರ್ವೆ ನಂಬರ್, ನಂತರ ಅದರ ಉಪಸಂಖ್ಯೆಯಾದ ಸರ್ನಾಕ್, ಕೊನೆಗೆ ಹಿಸ್ಸಾ, ಅಂದರೆ ಪಾಲು. ಸರ್ನಾಕ್ ಇಲ್ಲದ ಕಡೆ ಒಂದು ನಕ್ಷತ್ರ ಚಿಹ್ನೆ ಕೂರುತ್ತದೆ: 45/*/1. ಖಾಲಿ ಜಾಗವನ್ನೂ ಹೀಗೆ ಬರೆದು ತೋರಿಸಿರುವುದು ಜಾಣತನ.

ಪ್ರೋಗ್ರಾಮಿಂಗ್ ಭಾಷೆಗಳು ಇದನ್ನು ತಡವಾಗಿ ಕಲಿತವು. ಸಿ ಭಾಷೆಯಲ್ಲಿ ಫಂಕ್ಷನ್‌ಗಳ ಹೆಸರೆಲ್ಲ ಒಂದೇ ಬಯಲಲ್ಲಿದ್ದವು. ಡಿಕ್ಕಿ ತಪ್ಪಿಸಲು ಹೆಸರಿನ ಮುಂದೆ ಗುರುತಿನ ಅಕ್ಷರ ಸೇರಿಸುತ್ತಿದ್ದರು. 1995ರಲ್ಲಿ ಬಂದ ಜಾವಾ, ಸಂಸ್ಥೆಯ ಡೊಮೈನ್ ಹೆಸರನ್ನು ತಿರುಗುಮುರುಗಾಗಿಸಿ ಪ್ಯಾಕೇಜಿಗೆ ಇಡುವ ರೂಢಿ ತಂದಿತು. ಸಿ++ನ 1998ರ ಮಾನಕದಲ್ಲಿ ನೇಮ್‌ಸ್ಪೇಸ್ ಸೇರಿತು. ಪಿಎಚ್‌ಪಿಗೆ ಅದು ಸಿಕ್ಕಿದ್ದು 2009ರಲ್ಲಿ.

ಸಿ++ನಲ್ಲಿ ಅನುಭವಿಗಳು ಗಟ್ಟಿಯಾಗಿ ಹೇಳುವ ಮಾತೊಂದಿದೆ: ಹೆಡರ್ ಫೈಲಿನಲ್ಲಿ ಒಂದಿಡೀ ನೇಮ್‌ಸ್ಪೇಸನ್ನು ‘ಯೂಸಿಂಗ್’ ಸೂಚನೆಯಿಂದ ತೆರೆದಿಡಬಾರದು. ಆ ಫೈಲನ್ನು ಸೇರಿಸಿಕೊಂಡ ಪ್ರತಿಯೊಬ್ಬರ ಕೋಡಿಗೂ ಆ ಹೆಸರುಗಳು, ಕೇಳದೇ, ನುಗ್ಗುತ್ತವೆ.

ಇನ್ನೊಂದು ಕಷ್ಟ, ಎಲ್ಲೆಯೇ ಬದಲಾಗುವುದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕುರುಗೋಡೂ ಒಂದು. ಅದುವರೆಗೆ ಅದು ಬಳ್ಳಾರಿ ತಾಲ್ಲೂಕಿನ ಭಾಗ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿತು, ಆದರೆ ಅದರ ಪಿನ್‌ಕೋಡ್ ಬಳ್ಳಾರಿಯಂತೆ 583ರಿಂದಲೇ ಶುರುವಾಗುತ್ತದೆ. ಅಂಚೆಯ ಎಲ್ಲೆ ಆಡಳಿತದ ಎಲ್ಲೆಗೆ ಅಂಟಿಕೊಂಡಿಲ್ಲದ್ದರಿಂದ ವಿಳಾಸಗಳು ಉಳಿದುಕೊಂಡವು. ಕೋಡಿನಲ್ಲೂ ಕಚೇರಿಯ ವಿಭಾಗದ ಹೆಸರನ್ನು ನೇಮ್‌ಸ್ಪೇಸಿಗೆ ಇಟ್ಟರೆ ವಿಭಾಗ ಒಡೆದ ದಿನ ಎಲ್ಲ ಕಡೆ ತಿದ್ದಬೇಕಾಗುತ್ತದೆ. ಮಾಡುವ ಕೆಲಸದ ಹೆಸರಿಟ್ಟರೆ ಆ ತೊಂದರೆಯಿಲ್ಲ.