ಜನಿಸಿದ ಋತುಮಾನ ಮತ್ತು ಸ್ಕಿಜೋಫ್ರೇನಿಯಾ: ಸಾರ್ವಜನಿಕರಿಗೆ ಮಾಹಿತಿ

ಸ್ಕಿಜೋಫ್ರೇನಿಯಾ (ಚಿತ್ತವಿಕಲತೆ) ತೀವ್ರ ಸ್ವರೂಪದ ಮಾನಸಿಕ ಕಾಯಿಲೆ. ಇಲ್ಲದ ಧ್ವನಿ ಕೇಳಿಸುವುದು, ಆಧಾರರಹಿತ ಸಂಶಯ, ಅಸಂಬದ್ಧ ಮಾತು ಹಾಗೂ ಜನರಿಂದ ದೂರ ಉಳಿಯುವುದು ಇದರ ಮುಖ್ಯ ಲಕ್ಷಣಗಳು. ಚಳಿಗಾಲದಲ್ಲಿ ಜನಿಸಿದವರಿಗೆ ಈ ಕಾಯಿಲೆ ಬರುತ್ತದೆಯೇ ಎಂಬ ಪ್ರಶ್ನೆಗೆ ಈ ಕೆಳಕಂಡಂತೆ ಮಾಹಿತಿ ನೀಡಲಾಗಿದೆ.

1. ಅಧ್ಯಯನಗಳ ಸಾರಾಂಶ
ಉತ್ತರ ಗೋಳಾರ್ಧದ ಶೀತ ದೇಶಗಳಲ್ಲಿ ಚಳಿಗಾಲ ಮತ್ತು ವಸಂತದಲ್ಲಿ ಜನಿಸಿದವರಲ್ಲಿ ಈ ಕಾಯಿಲೆ ಶೇ. 5ರಿಂದ 8ರಷ್ಟು ಹೆಚ್ಚಾಗಿ ಕಂಡುಬಂದಿದೆ. ಸಾಮಾನ್ಯವಾಗಿ 10,000 ಜನರಲ್ಲಿ ಸುಮಾರು 70 ಜನರಿಗೆ ಜೀವಿತಾವಧಿಯಲ್ಲಿ ಈ ಕಾಯಿಲೆ ಬರುತ್ತದೆ ಎಂದು ಪರಿಗಣಿಸಿದರೆ, ಸದರಿ ಹೆಚ್ಚಳವು 4ರಿಂದ 6 ಜನ ಮಾತ್ರ. ಗರ್ಭಾವಸ್ಥೆಯಲ್ಲಿನ ಸೋಂಕು ಅಥವಾ ಡಿ ಜೀವಸತ್ವದ ಕೊರತೆ ಕಾರಣವಿರಬಹುದೆಂಬುದು ಊಹೆಯಾಗಿದ್ದು, ಇನ್ನೂ ಸಾಬೀತಾಗಿಲ್ಲ. 1999ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ, ತಾಯಿಗೆ ಕಾಯಿಲೆ ಇದ್ದಲ್ಲಿ ಮಗುವಿನ ಅಪಾಯ ಸುಮಾರು 9 ಪಟ್ಟು ಇತ್ತು; ಜನ್ಮ ಋತುವಿನಿಂದಾದ ವ್ಯತ್ಯಾಸ ಶೇ. 11ರಷ್ಟು ಮಾತ್ರ.

2. ನಮ್ಮ ಭಾಗಕ್ಕೆ ಅನ್ವಯ
ಭೂಮಧ್ಯರೇಖೆಗೆ ಸಮೀಪಿಸಿದಂತೆ ಈ ಪರಿಣಾಮ ಕ್ಷೀಣಿಸುತ್ತದೆ. ಸಿಂಗಾಪುರದಲ್ಲಿ ಇಂತಹ ವ್ಯತ್ಯಾಸ ಕಂಡುಬಂದಿಲ್ಲ. ಡಿಸೆಂಬರ್‌ನಲ್ಲಿ ಡೆನ್ಮಾರ್ಕಿನ ಹಗಲು ಸುಮಾರು 7 ಗಂಟೆಯಾದರೆ, ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯಂತಹ ಗ್ರಾಮಗಳಲ್ಲಿ ಸುಮಾರು 11 ಗಂಟೆ. ಆದ್ದರಿಂದ ಅಲ್ಲಿನ ಅಂಕಿ-ಅಂಶಗಳನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು. ಗರ್ಭಿಣಿಯರು ಹೆರಿಗೆಯ ತಿಂಗಳಿನ ಬಗ್ಗೆ ಆತಂಕಪಡದೆ, ತಾಯಿ ಕಾರ್ಡಿನಂತೆ ತಪಾಸಣೆ ಮಾಡಿಸಿಕೊಳ್ಳುವುದು. ಮಾಸ, ನಕ್ಷತ್ರ ನೋಡಿ ಮಗುವನ್ನಾಗಲಿ, ವಧೂವರರನ್ನಾಗಲಿ ದೂರವಿಡುವುದು ಸರಿಯಲ್ಲ.

3. ಚಿಕಿತ್ಸೆ
ಲಕ್ಷಣಗಳು ಕಂಡುಬಂದಲ್ಲಿ ವಿಳಂಬ ಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆ ಅಥವಾ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು ಸಂಪರ್ಕಿಸುವುದು. ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಬಾರದು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರನ್ವಯ ಬಡತನ ರೇಖೆಗಿಂತ ಕೆಳಗಿರುವವರು, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು.

4. ಅಂಗವಿಕಲತೆ ಪ್ರಮಾಣಪತ್ರ
ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದು. ವೈದ್ಯಕೀಯ ಪ್ರಾಧಿಕಾರವು ಸ್ವಯಂ ಆರೈಕೆ, ಇತರರೊಂದಿಗಿನ ಸಂಬಂಧ, ಸಂವಹನ ಮತ್ತು ದುಡಿಮೆ ಇವುಗಳನ್ನು ಪರಿಶೀಲಿಸಿ ಶೇಕಡಾವಾರು ಪ್ರಮಾಣ ನಿಗದಿಪಡಿಸುತ್ತದೆ. ಜನಿಸಿದ ತಿಂಗಳನ್ನು ಪರಿಗಣಿಸುವುದಿಲ್ಲ.

ಸಹಾಯವಾಣಿ: ಟೆಲಿ-ಮಾನಸ್ 14416 (ಉಚಿತ, ದಿನದ 24 ಗಂಟೆ). ಕನ್ನಡದಲ್ಲಿಯೂ ಮಾತನಾಡಬಹುದು.